ಕೆರೆಗೆ ಕಾಲ್ನಡಿಗೆ, ಊರಾಚೆಗೆ ಸೈಕಲ್ಲು: ಮೈಸೂರು ಸುತ್ತುವವರಿಗೆ ಹದಿಮೂರು ಸೂತ್ರಗಳು

ಮೈಸೂರಿಗೆ ಬಂದವರು ಅರಮನೆ, ಮೃಗಾಲಯ, ಬೃಂದಾವನ ಎಂದು ಪಟ್ಟಿ ಹಿಡಿದು ಓಡಾಡುತ್ತಾರೆ. ಇಲ್ಲೇ ಇರುವವರು ಮನೆ ಹತ್ತಿರದ ಕೆರೆಗೆ ದಿನಾ ಒಂದು ಸುತ್ತು ಹಾಕಿ ಮನೆ ಸೇರುತ್ತಾರೆ. ಈ ಊರು ಎರಡು ನದಿಗಳ ನಡುವಿನ ದಿಣ್ಣೆಯ ಮೇಲೆ ಕೂತಿದೆ ಎಂಬುದು ಇಬ್ಬರ ಗಮನಕ್ಕೂ ಬರುವುದು ಕಡಿಮೆ. ಇಲ್ಲಿ ಬಿದ್ದ ಮಳೆಯ ಒಂದು ಪಾಲು ಉತ್ತರಕ್ಕೆ ಕಾವೇರಿಯ ಕಡೆ ಹೋದರೆ, ಇನ್ನೊಂದು ಪಾಲು ದಕ್ಷಿಣಕ್ಕೆ ಕಪಿಲೆಯ ಕಡೆ ಇಳಿಯುತ್ತದೆ. ಹಿಂದಿನವರು ಆ ನೀರನ್ನು ಅಲ್ಲಲ್ಲಿ ತಡೆದು ಕೆರೆ ಕಟ್ಟಿದರು. ನೀರು ಹೋದ ದಾರಿಯಲ್ಲೇ ನಾವೂ ಹೋದರೆ ಮೈಸೂರು ಬೇರೆಯದೇ ಊರಾಗಿ ಕಾಣುತ್ತದೆ. ಅದಕ್ಕೆ ಒಂದು ಸೈಕಲ್ಲು, ಒಂದು ಜೊತೆ ಒಳ್ಳೆಯ ಬೂಟು, ಬೆಳಿಗ್ಗೆ ಬೇಗ ಏಳುವ ಮನಸ್ಸು ಇದ್ದರೆ ಸಾಕು.

1. ಮೊದಲು ಬೆಟ್ಟದ ಮೇಲಿಂದ ಊರು ನೋಡಿ

ಫೋನಿನ ನಕ್ಷೆ ಆಮೇಲೆ. ಮೊದಲ ಬೆಳಿಗ್ಗೆಯನ್ನು ಚಾಮುಂಡಿ ಬೆಟ್ಟಕ್ಕೆ ಕೊಡಿ. ಬೆಟ್ಟದ ತುದಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರದಲ್ಲಿದೆ, ಊರಿಗಿಂತ ಸುಮಾರು ಮುನ್ನೂರು ಮೀಟರ್ ಮೇಲೆ. ಊರಿನ ಕಡೆ ಮುಖ ಮಾಡಿ ನಿಂತರೆ ಬೆಟ್ಟದ ಬುಡದಲ್ಲೇ ಕಾರಂಜಿ ಕೆರೆ, ದೂರದಲ್ಲಿ ಪಡುವಣಕ್ಕೆ ಕುಕ್ಕರಹಳ್ಳಿ. ಅರಮನೆಯ ಗೋಪುರಗಳನ್ನು ಗುರುತು ಇಟ್ಟುಕೊಂಡು, ಎಲ್ಲಿಂದ ಎಲ್ಲಿಗೆ ಇಳಿಜಾರು ಇದೆ ಎಂದು ನೋಡಿಕೊಳ್ಳಿ. ಹತ್ತು ನಿಮಿಷ ಹೀಗೆ ನಿಂತವರಿಗೆ ಮುಂದೆ ಯಾವ ರಸ್ತೆ ಏರು, ಯಾವುದು ಇಳಿಜಾರು ಎಂಬ ಅಂದಾಜು ತಾನೇ ಸಿಗುತ್ತದೆ. ಮಳೆ ಬಿದ್ದ ಮರುದಿನ ಗಾಳಿ ತಿಳಿಯಾಗಿರುತ್ತದೆ. ಅಂಥ ಬೆಳಿಗ್ಗೆ ಸಿಕ್ಕರೆ ಬಿಡಬೇಡಿ.

2. ಏರಿ ನಡೆಯುವವರದ್ದು, ರಸ್ತೆ ಸೈಕಲ್ಲಿನದ್ದು

ಇದೊಂದನ್ನು ಪಾಲಿಸಿದರೆ ಅರ್ಧ ಜಗಳ ಮುಗಿಯುತ್ತದೆ. ಕೆರೆ ಏರಿಯ ಮೇಲೆ ವಯಸ್ಸಾದವರು, ಮಂಡಿನೋವಿನವರು, ಪುಟ್ಟ ಮಕ್ಕಳು ಇರುತ್ತಾರೆ. ಹಿಂದಿನಿಂದ ಬೆಲ್ ಹೊಡೆದುಕೊಂಡು ಬರುವ ಸೈಕಲ್ಲಿಗೆ ಅಲ್ಲಿ ಜಾಗವಿಲ್ಲ. ಗೇಟಿನ ಹೊರಗೆ ಸೈಕಲ್ಲಿಗೆ ಬೀಗ ಹಾಕಿ ನಡೆದು ಹೋಗಿ. ಊರೊಳಗಿನ ಕೆರೆಗಳಿಗೆ ಕಾಲು, ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಲು ಮತ್ತು ಊರಾಚೆಗೆ ಸೈಕಲ್ಲು ಎಂದು ಲೆಕ್ಕ ಇಟ್ಟುಕೊಳ್ಳಿ.

ಸ್ವಂತ ಸೈಕಲ್ ಇಲ್ಲದವರ ಯೋಚನೆ ಈ ಊರಿಗೆ ಮೊದಲೇ ಬಂದಿತ್ತು. ನಿಲ್ದಾಣದಿಂದ ಸೈಕಲ್ ಎತ್ತಿಕೊಂಡು ಇನ್ನೊಂದು ನಿಲ್ದಾಣದಲ್ಲಿ ಬಿಡುವ ‘ಟ್ರಿಣ್ ಟ್ರಿಣ್’ ಇಲ್ಲಿ ಶುರುವಾದದ್ದು 2017ರ ಜೂನ್‌ನಲ್ಲಿ, 450 ಸೈಕಲ್ಲುಗಳೊಂದಿಗೆ. ದೇಶದಲ್ಲಿ ಇಂಥ ಸಾರ್ವಜನಿಕ ವ್ಯವಸ್ಥೆಗಳಲ್ಲಿ ಅದು ಮೊದಮೊದಲಿನದು. ಆ ಬಗೆಯ ಸೈಕಲ್ ಊರೊಳಗಿನ ಓಡಾಟಕ್ಕೆ ಚೆನ್ನ. ಬೆಟ್ಟಕ್ಕೂ ದೂರದ ಹಳ್ಳಿಗಳಿಗೂ ಗೇರಿನ ಸೈಕಲ್ಲೇ ಬೇಕು.

3. ಕುಕ್ಕರಹಳ್ಳಿಗೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ ಇದು. ದಿವಾನ್ ಪೂರ್ಣಯ್ಯನವರ ಹೆಸರಿನ ನಾಲೆ ಒಂದು ಕಾಲಕ್ಕೆ ಇದಕ್ಕೆ ದೂರದಿಂದ ಮಳೆನೀರು ತಂದು ತುಂಬಿಸುತ್ತಿತ್ತು. ಬಡಾವಣೆಗಳು ಎದ್ದಂತೆ ನಾಲೆ ಅಲ್ಲಲ್ಲಿ ಮುಚ್ಚಿಹೋಯಿತು. ಕೆರೆ ಈಗ ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಪಕ್ಕದ ಆವರಣಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟ ಕುವೆಂಪು ಇದೇ ದಂಡೆಯ ಮೇಲೆ ನಡೆಯುತ್ತಿದ್ದವರು. ಆರ್. ಕೆ. ನಾರಾಯಣ್ ಅವರೂ ಇಲ್ಲಿಗೆ ಬಂದು ಕೂರುತ್ತಿದ್ದರು.

ಒಂದು ಸುತ್ತು ಬಿರುಸಾಗಿ ನಡೆದರೆ ಮುಕ್ಕಾಲು ಗಂಟೆ. ಹಕ್ಕಿ ನೋಡುತ್ತಾ ಹೋದರೆ ಎರಡು ಗಂಟೆಯೂ ಸಾಲದು. ನಸುಕಿನಲ್ಲಿ ಹೋದರೆ ನಡುಗಡ್ಡೆಯ ಮರಗಳಿಂದ ಹೆಜ್ಜಾರ್ಲೆಗಳು ಮೇಲೇಳುವುದು ಕಾಣುತ್ತದೆ. ನೀರಿನಿಂದ ಏಳಬೇಕಾದಾಗ ಅಷ್ಟು ಭಾರದ ಹಕ್ಕಿ ಅದರ ಮೇಲೆ ಎರಡು ಕಾಲನ್ನೂ ಜೋಡಿಸಿ ಪಟಪಟ ಒದ್ದುಕೊಂಡು ಓಡಿ, ಕೊನೆಗೆ ಗಾಳಿ ಹಿಡಿಯುತ್ತದೆ. ಒಮ್ಮೆ ಮೇಲೇರಿದರೆ ರೆಕ್ಕೆ ಬಡಿಯುವುದೇ ಅಪರೂಪ. ಎಂಟು ಗಂಟೆಯ ಬಿಸಿಲಿಗೆ ಹಾವಕ್ಕಿ, ನೀರುಕಾಗೆಗಳು ಒಣಕೊಂಬೆಯ ಮೇಲೆ ರೆಕ್ಕೆ ಹರಡಿ ಕೂರುತ್ತವೆ. ಅವುಗಳ ಗರಿ ನೀರು ಹೀರುತ್ತದೆ. ಮುಳುಗಿ ಮೀನು ಹಿಡಿಯಲು ಅದು ಅನುಕೂಲ, ಆದರೆ ಪ್ರತಿ ಬಾರಿಯೂ ಒಣಗಿಸಿಕೊಳ್ಳಲೇಬೇಕು. ಸಂಜೆಯಾದರೆ ಬೆಳ್ಳಕ್ಕಿಗಳು ಸಾಲುಸಾಲಾಗಿ ಮರಳುತ್ತವೆ. ಒಂದೇ ಕೆರೆಯ ಮೂರು ಹೊತ್ತನ್ನು ನೋಡಿದವರು ಹತ್ತು ಕೆರೆಗೆ ತಲೆ ತೋರಿಸಿ ಬಂದವರಿಗಿಂತ ಹೆಚ್ಚು ಕಂಡಿರುತ್ತಾರೆ ಎಂಬುದು ನನ್ನ ಗಟ್ಟಿ ನಂಬಿಕೆ.

ಮೀನಿಗೆ ಬ್ರೆಡ್ಡು, ಪುರಿ ಎಸೆಯಬೇಡಿ. ಫೋನಿನ ಹಾಡು ಕಿವಿಯೊಳಗೇ ಇರಲಿ.

4. ಕಾರಂಜಿಗೆ ಮಂಗಳವಾರ ಹೋಗಬೇಡಿ

ಮೃಗಾಲಯದವರ ಆಡಳಿತದಲ್ಲಿರುವ ಕೆರೆ ಇದು. ಮಂಗಳವಾರ ರಜೆ. ಉಳಿದ ದಿನ ಬಾಗಿಲು ತೆರೆಯುವುದೇ ಎಂಟೂವರೆಗೆ, ಒಳಗೆ ಹೋಗಲು ಟಿಕೆಟ್ ಬೇಕು. ಹಾಗಾಗಿ ಬೆಳಿಗ್ಗೆ ಬೆಟ್ಟ ಮುಗಿಸಿ, ತಿಂಡಿ ತಿಂದು ಇಲ್ಲಿಗೆ ಬನ್ನಿ. ನಾವೇ ಒಳಗೆ ನಡೆದಾಡುವಂಥ ದೊಡ್ಡ ಪಕ್ಷಿಪಂಜರ, ಚಿಟ್ಟೆಗಳ ತೋಟ ಇವೆ. ಮಕ್ಕಳನ್ನು ಮೊದಲ ಬಾರಿ ನಡಿಗೆಗೆ ಹೊರಡಿಸಲು ಇದಕ್ಕಿಂತ ಒಳ್ಳೆಯ ಜಾಗ ಊರಲ್ಲಿಲ್ಲ. ದಂಡೆಯ ಮೇಲಿರುವ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯವನ್ನೂ ಅವರಿಗೆ ತೋರಿಸಿ.

5. ಲಿಂಗಾಂಬುಧಿಯನ್ನು ಮರೆಯಬೇಡಿ

ಶ್ರೀರಾಂಪುರ, ರಾಮಕೃಷ್ಣನಗರದ ಮನೆಗಳ ಸಾಲು ದಾಟಿದ ಕೂಡಲೇ ಸಿಗುವ ಈ ಕೆರೆಯನ್ನು ಮುಮ್ಮಡಿಯವರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ 1828ರಲ್ಲಿ ಕಟ್ಟಿಸಿದರು. ಕುಕ್ಕರಹಳ್ಳಿಯ ಜನಜಂಗುಳಿ ಇಲ್ಲಿಲ್ಲ. ಹಾದಿ ಮಣ್ಣಿನದು, ಮಂಡಿಗೆ ಹಿತ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷಗಳೂ ಇವೆ, ಅದಕ್ಕೆ ಅಕ್ಟೋಬರಿನಿಂದ ಫೆಬ್ರವರಿಯ ನಡುವೆ ಹೋಗಿ. ಸಂಜೆ ಕತ್ತಲಾಗುವ ಮುಂಚೆ ಹೊರಗೆ ಬಂದುಬಿಡಿ. ದಿನದ ಬಿಸಿ ಉಳಿದಿರುವ ಹಾದಿಯ ಮೇಲೆ ಕೊಳಕುಮಂಡಲ ಮಲಗಿರಬಹುದು, ಅದು ಮನುಷ್ಯರನ್ನು ಕಂಡು ಸರಿದುಹೋಗುವ ಹಾವಲ್ಲ.

6. ಮೆಟ್ಟಿಲು ಹತ್ತುವಾಗ ಕೆಳಗಿನ ಭಾಗದಲ್ಲೇ ತಾಳ್ಮೆ ತೋರಿಸಿ

ಸಾವಿರ ಮೆಟ್ಟಿಲು ಎಂದೇ ಊರಲ್ಲಿ ವಾಡಿಕೆ. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಇವನ್ನು ಹಾಕಿಸಿದರು. ದಾರಿಯಲ್ಲಿ ಸಿಗುವ ಏಕಶಿಲೆಯ ನಂದಿಯೂ ಅವರ ಕಾಲದ್ದೇ. ಪಾದದ ಬಳಿ ಉತ್ಸಾಹದಿಂದ ಓಡಿ ಹತ್ತುವ ಹುಡುಗರು ಇನ್ನೂರನೇ ಮೆಟ್ಟಿಲಿಗೆ ಸೊಂಟ ಹಿಡಿದು ನಿಂತಿರುತ್ತಾರೆ. ಕೆಳಗಿನ ಭಾಗವೇ ಹೆಚ್ಚು ಕಡಿದು. ಅಲ್ಲಿ ಮಾತಾಡುತ್ತಲೇ ಹತ್ತುವಷ್ಟು ನಿಧಾನಕ್ಕೆ ಹೋಗಿ. ಮಾತು ಕಟ್ಟಿತೆಂದರೆ ವೇಗ ಹೆಚ್ಚಾಗಿದೆ ಎಂದೇ ಅರ್ಥ. ನಂದಿ ತಲುಪಿದ ಮೇಲೆ ದಾರಿ ಹಗುರಾಗುತ್ತದೆ.

ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ, ಬಗ್ಗಿ ನಮಸ್ಕರಿಸುತ್ತಾ ಹತ್ತುತ್ತಿರುತ್ತಾರೆ. ಅವರನ್ನು ದಾಟುವಾಗ ಒಂದು ಬದಿಗೆ ಸರಿದು ಹೋಗಿ, ಹಚ್ಚಿದ ಜಾಗವನ್ನು ತುಳಿಯಬೇಡಿ. ಇಬ್ಬನಿ ಬಿದ್ದಾಗ ಅದು ಜಾರುತ್ತದೆ ಕೂಡ. ಆಷಾಢ ಶುಕ್ರವಾರಗಳಂದು ವ್ಯಾಯಾಮಕ್ಕೆಂದು ಹೋಗುವುದನ್ನು ಬಿಡಿ. ಆ ದಿನ ಬೆಟ್ಟ ತಾಯಿಯ ಭಕ್ತರದ್ದು.

ಹೊರಡುವುದು ಬೆಳಕು ಹರಿದ ಮೇಲೆಯೇ ಇರಲಿ. ಬೆಟ್ಟದ ಸುತ್ತ ಇರುವುದು ಕಾಯ್ದಿಟ್ಟ ಅರಣ್ಯ, ಚಿರತೆಗಳಿವೆ.

7. ಸೈಕಲ್ಲಿನವರು ಬೆಟ್ಟ ಇಳಿಯುವುದನ್ನು ಕಲಿಯಿರಿ

ಹತ್ತುವುದಕ್ಕೆ ಉಸಿರು ಸಾಕು, ಇಳಿಯುವುದಕ್ಕೆ ಬುದ್ಧಿ ಬೇಕು. ತಾವರೆಕಟ್ಟೆಯ ಕಡೆಯಿಂದ ಏರುವಾಗ ಕಷ್ಟ ಎನಿಸುವುದಕ್ಕೆ ಮೊದಲೇ ಗೇರು ಇಳಿಸಿ. ಏರಿನ ನಡುವೆ ಜೋರಾಗಿ ತುಳಿಯುತ್ತಾ ಗೇರು ಬದಲಿಸಿದರೆ ಚೈನು ಕಳಚುತ್ತದೆ. ಇಳಿಯುವಾಗ ಬ್ರೇಕನ್ನು ಒಂದೇ ಸಮ ಹಿಡಿದುಕೊಂಡು ಬರಬೇಡಿ, ರಿಮ್ಮು ಕಾದು ಹಿಡಿತ ಕಡಿಮೆಯಾಗುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ತಿರುವಿನೊಳಗೆ ಮುಂದಿನ ಬ್ರೇಕನ್ನು ಮುಟ್ಟಬೇಡಿ. ಮರಳು, ಒದ್ದೆ ಎಲೆ, ರಸ್ತೆ ನಡುವೆ ಕೂತ ಕೋತಿ, ಎದುರಿನಿಂದ ಇಡೀ ರಸ್ತೆ ಹಿಡಿದು ಬರುವ ಬಸ್ಸು: ಪ್ರತಿ ತಿರುವಿನಾಚೆಗೂ ಇವುಗಳಲ್ಲಿ ಒಂದು ಇದ್ದೇ ಇದೆ ಎಂದುಕೊಂಡು ಇಳಿಯಿರಿ.

2021ರ ಮಳೆಗೆ ನಂದಿಯ ಕಡೆಗೆ ಹೋಗುವ ರಸ್ತೆಯ ಬದಿ ಕುಸಿದಿತ್ತು. ಬೆಟ್ಟದ ಮಣ್ಣು ಎಷ್ಟು ಸಡಿಲ ಎಂಬುದಕ್ಕೆ ಅದೇ ಸಾಕ್ಷಿ. ತಡೆ ಹಾಕಿರುವ ಕಡೆ ಸೈಕಲ್ ಎತ್ತಿಕೊಂಡು ದಾಟುವ ಸಾಹಸ ಯಾರೂ ಮಾಡಬಾರದು.

8. ಬೆಳಿಗ್ಗೆ ಪಡುವಣಕ್ಕೆ ಹೊರಡಿ

ಬೆಳಿಗ್ಗೆ ಮೂಡಣಕ್ಕೆ, ವರುಣದ ಕಡೆಗೆ ಹೊರಟರೆ ಸೂರ್ಯ ನೇರ ಕಣ್ಣಿಗೆ. ನಿಮಗೆ ಗುಂಡಿ ಕಾಣುವುದಿಲ್ಲ, ಹಿಂದೆ ಬರುವ ಲಾರಿಯವರಿಗೆ ನೀವು ಕಾಣುವುದಿಲ್ಲ. ಯಲವಾಲದ ಕಡೆಗೆ ಹೊರಟರೆ ಬಿಸಿಲು ಬೆನ್ನಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬೀಸುವುದೂ ಪಡುವಣದಿಂದಲೇ. ಕಾಲಲ್ಲಿ ಕಸುವಿದ್ದಾಗ ಗಾಳಿಗೆ ಎದುರಾಗಿ ಹೋಗಿ, ದಣಿದಾಗ ಅದೇ ಗಾಳಿ ಬೆನ್ನಿಗೆ ಬಂದು ಮನೆವರೆಗೆ ತಳ್ಳುತ್ತದೆ. ವರುಣಾ ಕೆರೆಗೆ ಹೋಗಲೇಬೇಕೆಂದರೆ ಬಿಸಿಲು ಸ್ವಲ್ಪ ಮೇಲೇರಿದ ನಂತರ ಹೊರಡಿ. ತಿ. ನರಸೀಪುರ ರಸ್ತೆಯಲ್ಲಿ ಹತ್ತು ಹನ್ನೆರಡು ಕಿ.ಮೀ. ಅಷ್ಟೇ.

9. ಎಕ್ಸ್‌ಪ್ರೆಸ್‌ವೇ ಮರೆತುಬಿಡಿ, ಕಾವೇರಿಯ ದಾರಿ ಹಿಡಿಯಿರಿ

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೊ, ಸೈಕಲ್ಲುಗಳಿಗೆ ಪ್ರವೇಶವಿಲ್ಲ. ಅದರ ಪಕ್ಕದ ರಸ್ತೆಯಲ್ಲಿ ಹೋಗಬಹುದು, ಆದರೆ ಹೋಗಬೇಕೇಕೆ? ಕೆ.ಆರ್.ಎಸ್. ರಸ್ತೆ ಹಿಡಿದು ಬೆಳಗೊಳ, ಅಲ್ಲಿಂದ ಪಾಲಹಳ್ಳಿ, ರಂಗನತಿಟ್ಟು, ಶ್ರೀರಂಗಪಟ್ಟಣ. ನೀರು ಹರಿಯುವ ನಾಲೆ, ಕಬ್ಬಿನ ಗದ್ದೆ, ಆಲೆಮನೆಯ ಬೆಲ್ಲದ ವಾಸನೆ ಜೊತೆಗೇ ಬರುತ್ತವೆ. ಕಬ್ಬು ತುಂಬಿದ ಟ್ರಾಕ್ಟರಿನ ಹಿಂದೆ ಮಾತ್ರ ಅಂಟಿಕೊಂಡು ಹೋಗಬೇಡಿ. ಜಲ್ಲೆ ಜಾರಿದರೆ ನೇರ ಮುಖಕ್ಕೆ.

ರಂಗನತಿಟ್ಟನ್ನು ಪಕ್ಷಿಧಾಮವಾಗಿ ಘೋಷಿಸಿದ್ದು 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ. ಆದರೆ ಅಲ್ಲಿನ ನಡುಗಡ್ಡೆಗಳ ಹಿಂದೆ ಇನ್ನೂ ಹಳೆಯ ಕೈಗಳಿವೆ. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಬಂಗಾರದೊಡ್ಡಿ ನಾಲೆಗಾಗಿ ಕಾವೇರಿಗೆ ಕಟ್ಟೆ ಹಾಕಿಸಿದರು. ಕಟ್ಟೆಯ ಹಿಂದೆ ನೀರು ನಿಂತು ತಿಟ್ಟುಗಳಾದವು, ತಿಟ್ಟಿನ ಮರಗಳಿಗೆ ಹಕ್ಕಿಗಳು ಬಂದವು. 2022ರಲ್ಲಿ ಈ ಜಾಗ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ಮನುಷ್ಯರು ನೀರಾವರಿಗೆಂದು ಮಾಡಿದ ಕೆಲಸ ಹಕ್ಕಿಗಳ ಊರಾದದ್ದನ್ನು ನೋಡಲಿಕ್ಕಾದರೂ ಅಷ್ಟು ದೂರ ತುಳಿಯಬೇಕು.

ಇನ್ನೂ ಕಸುವು ಉಳಿದವರಿಗೆ ಗಂಜಾಂ ಆಚೆಯ ಕರಿಘಟ್ಟ ಇದೆ. ಸೈಕಲ್ ಕೆಳಗೆ ನಿಲ್ಲಿಸಿ ಮೆಟ್ಟಿಲು ಹತ್ತಿದರೆ ಶ್ರೀರಂಗಪಟ್ಟಣದ ದ್ವೀಪ ಇಡಿಯಾಗಿ ಕಾಣುತ್ತದೆ. ಇಡೀ ದಿನ ಇಟ್ಟುಕೊಂಡವರು ಪಾಂಡವಪುರ ದಾಟಿ ಕೆರೆ ತೊಣ್ಣೂರಿಗೆ ಹೋಗಬಹುದು. ಗುಡ್ಡಗಳ ನಡುವೆ ತಿಳಿನೀರಿನ ದೊಡ್ಡ ಕೆರೆ, ರಾಮಾನುಜರ ನೆನಪಿನ ಊರು.

10. ಹದಿನಾರಿಗೆ ಚಳಿಗಾಲದಲ್ಲಿ ಹೋಗಿ

ನನಗೆ ಒಂದೇ ದಾರಿ ಆರಿಸಿಕೊಳ್ಳಲು ಬಿಟ್ಟರೆ ಇದನ್ನೇ ಆರಿಸುತ್ತೇನೆ. ನಂಜನಗೂಡು ತಾಲ್ಲೂಕಿನ ಈ ಹಳ್ಳಿಯ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯವನ್ನು ಹಾರಿ ದಾಟಿ ಬರುವ ಹಕ್ಕಿಗಳು ಇವು. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳನ್ನು ಇಲ್ಲಿ ಕಂಡವರಿದ್ದಾರೆ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಅದೇ ಗುರುತು.

ಹೊತ್ತಿನ ವಿಷಯದಲ್ಲಿ ಇಲ್ಲಿ ಲೆಕ್ಕ ಬೇರೆ. ಹೆಬ್ಬಾತುಗಳು ರಾತ್ರಿ ಮತ್ತು ನಸುಕಿನಲ್ಲಿ ಗದ್ದೆ ಹೊಲಗಳಲ್ಲಿ ಮೇಯ್ದು, ಬೆಳಕಾದ ಮೇಲೆ ಕೆರೆಗೆ ಮರಳಿ ಹಗಲೆಲ್ಲ ವಿಶ್ರಾಂತಿ ಪಡೆಯುತ್ತವೆ. ಎಂಟು ಒಂಬತ್ತರ ಹೊತ್ತಿಗೆ ತಲುಪಿದರೆ ಗುಂಪು ನೀರಂಚಿನಲ್ಲಿರುತ್ತದೆ. ಹತ್ತಿರ ಹೋಗಬೇಡಿ. ಕತ್ತುಗಳೆಲ್ಲ ಒಟ್ಟಿಗೆ ನೆಟ್ಟಗಾದವೆಂದರೆ ನೀವು ಅತಿಯಾಗಿ ಸಮೀಪಿಸಿದ್ದೀರಿ, ಅಲ್ಲೇ ಕೂತುಬಿಡಿ. ಒಂದು ದುರ್ಬೀನು ಇದ್ದರೆ ದಿನ ಸಾರ್ಥಕ.

ಈ ಊರಿಗೆ ಇನ್ನೊಂದು ಹೆಗ್ಗಳಿಕೆಯೂ ಇದೆ. ಮೈಸೂರು ಅರಸುಮನೆತನದ ಮೂಲಪುರುಷ ಯದುರಾಯರ ಕಥೆಯಲ್ಲಿ ಬರುವ ಹದಿನಾಡು ಇದೇ ಎನ್ನುತ್ತಾರೆ. ವಾಪಸಾಗುವಾಗ ನಂಜನಗೂಡಿನಲ್ಲಿ ಕಪಿಲೆಯ ಮೇಲಿನ ಕಲ್ಲಿನ ಸೇತುವೆ ನೋಡಿ, 1735ರದ್ದು. ಒಂದು ಕಾಲಕ್ಕೆ ಇದರ ಮೇಲೆ ರೈಲೂ ಓಡುತ್ತಿತ್ತು, ಬಂಡಿಗಳೂ ಓಡುತ್ತಿದ್ದವು.

ಒಳರಸ್ತೆಗಳಲ್ಲಿ ಫೋನಿಗಿಂತ ಬಾಯಿ ಮೇಲು. “ಅಣ್ಣಾ, ಕೆರೆ ಕಡೆ ದಾರಿ ಯಾವುದು?” ಎಂದು ಕೇಳಿ ನೋಡಿ. “ಇಂಗೇ ಸೀದಾ ಓಗಿ ಸಾ, ಅರಳಿಕಟ್ಟೆ ತವ ಎಡಕ್ಕೆ ತಿರಿಕಳಿ” ಎಂದು ಹೇಳಿ, ಒಂದು ಚೊಂಬು ನೀರನ್ನೂ ಕೊಟ್ಟು ಕಳಿಸುವ ಜನ ಇಲ್ಲಿದ್ದಾರೆ.

11. ರಸ್ತೆ ಮೇಲೆ ಹುರುಳಿ ಕಂಡರೆ ಇಳಿದು ತಳ್ಳಿ

ಡಿಸೆಂಬರ್, ಜನವರಿಯಲ್ಲಿ ಹಳ್ಳಿ ರಸ್ತೆಗಳೇ ಕಣ. ಗಾಡಿಗಳು ಹರಿದು ಕಾಳು ಉದುರಲಿ ಎಂದು ಹುರುಳಿ, ರಾಗಿ ಹುಲ್ಲನ್ನು ರಸ್ತೆಯ ತುಂಬ ಹರಡಿರುತ್ತಾರೆ. ಕಾರಿಗೆ ಅದು ಏನೂ ಅಲ್ಲ. ಸೈಕಲ್ಲಿಗೆ ಹುರುಳಿ ಬಳ್ಳಿ ದೊಡ್ಡ ಗಂಡಾಂತರ: ಹಿಂದಿನ ಚಕ್ರದ ಜೊತೆ ಮೇಲೆದ್ದು, ಗೇರಿನ ಚಕ್ರಕ್ಕೂ ಕಡ್ಡಿಗಳಿಗೂ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಆ ಮೇಲೆ ಒಂದೇ ಒಂದು ಬಾರಿ ಬಲವಾಗಿ ತುಳಿದರೂ ಸಾಕು, ಗೇರು ಬದಲಿಸುವ ತೋಳು ಬಾಗುತ್ತದೆ. ಸಿಕ್ಕಿಕೊಂಡರೆ ಪೆಡಲನ್ನು ಹಿಂದಕ್ಕೆ ತಿರುಗಿಸಿ, ಬಳ್ಳಿಯನ್ನು ಕೈಯಲ್ಲೇ ಬಿಡಿಸಿ. ಬಿಡಿಸಿದ್ದನ್ನು ಕಣಕ್ಕೇ ಹಾಕಿ ಹೋಗಿ. ಅದರಲ್ಲಿ ಕಾಳಿದೆ.

12. ನೀರಿಗೆ ಇಳಿಯಬೇಡಿ, ಹೊಟ್ಟೆ ಖಾಲಿ ಇಡಬೇಡಿ

ಕಾವೇರಿಯ ಬಲಮುರಿ, ಎಡಮುರಿಯಲ್ಲಿ ನೀರು ಮಂಡಿಯುದ್ದ ಎನಿಸುತ್ತದೆ. ಪಾಚಿ ಹಿಡಿದ ಕಟ್ಟೆಯಿಂದ ಕಾಲು ಜಾರಿದರೆ ಕೆಳಗೆ ಮಡುವಿದೆ. ನಾಲೆಗಳಂತೂ ಇನ್ನೂ ಅಪಾಯ, ಇಕ್ಕೆಲದ ಇಳಿಜಾರಿನಲ್ಲಿ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ. ಕಾವೇರಿಯಲ್ಲಿ ಮೊಸಳೆಗಳೂ ಇವೆ. ಕೈಕಾಲು ತೊಳೆಯುವ ಆಸೆಗೆ ಹಳ್ಳಿಯ ನಲ್ಲಿ ಸಾಕು.

ಚೀಲದಲ್ಲಿ ಒಂದು ಟ್ಯೂಬು, ಪಂಪು, ಎರಡು ಬಾಟಲಿ ನೀರು, ಏಲಕ್ಕಿ ಬಾಳೆ, ಕಡಲೆ ಮಿಠಾಯಿ ಇರಲಿ. ಮುಖ್ಯರಸ್ತೆ ಬಿಟ್ಟ ಮೇಲೆ ಪಂಕ್ಚರ್ ಅಂಗಡಿ ಸಿಗುವುದು ಅಪರೂಪ, ಸಿಕ್ಕರೂ ತೆಳು ಟಯರಿನ ಟ್ಯೂಬು ಅಲ್ಲಿರುವುದಿಲ್ಲ. ಹೊರಡುವಾಗ ಹೊಟ್ಟೆ ಹಗುರಾಗಿರಲಿ, ಬೆಣ್ಣೆ ದೋಸೆ ಮರಳಿ ಬಂದ ಮೇಲೆ. ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಆ ತಿಂಗಳುಗಳಲ್ಲಿ ಹನ್ನೆರಡರೊಳಗೆ ಮನೆ ಸೇರುವಂತೆ ದೂರ ಅಳೆದುಕೊಳ್ಳಿ.

13. ವಾಸನೆ ಬರುವ ಕೆರೆಗೂ ಹೋಗಿ

ನೀರಿನ ದಾರಿಯಲ್ಲಿ ಹೋಗುವವರು ಒಂದು ದಿನ ನಂಜನಗೂಡು ರಸ್ತೆಯ ಕಡೆಯ ದಳವಾಯಿ ಕೆರೆಗೂ ಹೋಗಬೇಕು. ಊರಿನ ದಕ್ಷಿಣ ಭಾಗದ ಚರಂಡಿಗಳ ನೀರು ಇಳಿಯುವುದು ಈ ಕಡೆಗೆ. ಕೊಳಚೆ ಸೇರಿ ಕೆರೆ ಸೊರಗಿದೆ, ಮುಂದೆ ಆ ನೀರು ಕಪಿಲೆಯ ದಾರಿ ಹಿಡಿಯುತ್ತದೆ. ಕುಕ್ಕರಹಳ್ಳಿಯ ಚೆಲುವನ್ನಷ್ಟೇ ನೋಡಿ ಇದನ್ನು ಬಿಟ್ಟರೆ ಊರನ್ನು ಅರ್ಧವೇ ನೋಡಿದಂತೆ. ನಮ್ಮ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಸೈಕಲ್ ತುಳಿದು ಹೋಗಿ ಕಣ್ಣಾರೆ ಕಂಡವರು ಕೆರೆಗಳ ಬಗ್ಗೆ ಆಡುವ ಮಾತಿಗೆ ತೂಕ ಬರುತ್ತದೆ.

ಹೋದಾಗ ತೂಬು ಎಲ್ಲಿದೆ, ನೀರು ಒಳಗೆ ಬರುವ ಬಾಯಿ ಎಲ್ಲಿದೆ, ನೊರೆ ಇದೆಯೇ, ಯಾವ ಹಕ್ಕಿ ಕಂಡಿತು ಎಂದು ಬರೆದುಕೊಳ್ಳಿ. ತಾರೀಖು ಕಾಣುವಂತೆ ನಾಲ್ಕು ಫೋಟೊ ತೆಗೆಯಿರಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ ಸ್ಥಳೀಯ ಆಡಳಿತಕ್ಕೂ ಅದನ್ನು ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ನಿಂತು ಮತ್ತೆ ಫೋಟೊ ತೆಗೆದು, ಎರಡನ್ನೂ ಜೊತೆಗಿಟ್ಟು ಇನ್ನೊಮ್ಮೆ ಬರೆಯಿರಿ.